ಹಗೇವು ತೆಗೆದು ನೋಡೀರೇನು?

ನಮ್ಮ ಅಸೂಟಿ ಕಡೆ ಜೋಳ ಹಗೇವಿಗೆ ಹಾಕಿದವನನ್ನು ಅಷ್ಟಕ್ಕೇ ಶಾಣ್ಯಾ ಅನ್ನೂದಿಲ್ಲ. ತೆಗೆದಾಗ ಕಾಳು ಕಾಳಾಗಿಯೇ ಬರಬೇಕು. ಬೆಂಗಳೂರಿಗೆ ಹೋಗಿ ಕ್ಲೌಡ್ ಆರ್ಕಿಟೆಕ್ಟ್ ಆಗ್ತೀವಿ ಅನ್ನುವ ನಮ್ಮ ತಮ್ಮಂದಿರಿಗೆ ಇಷ್ಟು ಯಾಕೆ ತಿಳಿಯೂದಿಲ್ಲ?

ಟೆರಾಫಾರ್ಮ್ ಕೋಡ್ ಬರೀತೀರಿ, ‘ಅಪ್ಲೈ’ ಅಂತೀರಿ, ಚಹಾ ಕುಡಿಯೂದರಾಗ ಡೇಟಾಬೇಸ್ ಎದ್ದು ನಿಲ್ತದ. ಖರೇನ, ಭಾರೀ ಸವಲತ್ತು. ಆದರೆ ಅದೇ ಟೆರಾಫಾರ್ಮಿಗೆ ‘ಡಿಸ್ಟ್ರಾಯ್’ ಅನ್ನುವ ಆಜ್ಞೆಯೂ ಅದ. ಸರ್ವರ್ ಹೋದರೆ ಕೋಡಿನಿಂದ ಮತ್ತೆ ಹುಟ್ಟತದ. ಒಳಗಿನ ದತ್ತಾಂಶ ಹುಟ್ಟೂದಿಲ್ಲ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ ಕಂಪನಿಯ ಎಂಜಿನಿಯರೊಬ್ಬರು ತಪ್ಪಿ ಅಸಲಿ ಡೇಟಾಬೇಸನ್ನೇ ಅಳಿಸಿದರು. ಬ್ಯಾಕಪ್ಪಿಗೆ ಹಲವು ದಾರಿ ಮಾಡಿದ್ದರು. ನಿತ್ಯದ ಬ್ಯಾಕಪ್ ಹುಡುಕಿದರೆ ಆ ಜಾಗ ಖಾಲಿ! ಸುಮಾರು 6 ತಾಸಿನ ಹಿಂದೆ ಬೇರೆ ಕೆಲಸಕ್ಕೆಂದು ಕೈಯಿಂದ ತೆಗೆದಿದ್ದ ಒಂದು ಪ್ರತಿ ಮಾನ ಉಳಿಸಿತು.

‘ಕ್ಲೌಡಿನವರೇ ಬ್ಯಾಕಪ್ ತೆಗೀತಾರಲ್ಲ?’ ಅಂತೀರಿ. ತೆಗೀತಾರ. ಎಷ್ಟು ದಿನ ಇಡಬೇಕು, ಅಳಿಸುವಾಗ ಕಡೆಯ ಪ್ರತಿ ಬೇಕೋ ಬ್ಯಾಡೋ ಅಂತ ಬರೆಯುವ ಕೈ ಮಾತ್ರ ನಿಮ್ಮದು.

‘ಭೂಮಿ’ ಯೋಜನೆ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ನಾಳೆ ಇಂಥ ದಾಖಲೆ ಕಾಯುವವರು ನೀವೇ. ಅಲ್ಲಿ ಅಳಿಯುವ ಒಂದೊಂದು ಸಾಲೂ ಯಾರದೋ ಹೊಲ.

ಸರ್ಟಿಫಿಕೇಟ್ ಆಮ್ಯಾಲೆ ತಗೊಳ್ರಿ. ಮೊದಲು ಒಂದು ಬ್ಯಾಕಪ್ಪನ್ನು ಬೇರೆ ಸರ್ವರಿನಲ್ಲಿ ಎಬ್ಬಿಸಿ, ಲೆಕ್ಕ ತಾಳೆ ಹಾಕಿ ನೋಡ್ರಿ. ಹೊಳ್ಳಿ ಬರದ ಬ್ಯಾಕಪ್ ಬ್ಯಾಕಪ್ಪೇ ಅಲ್ಲ.