ಮೂರು ಅಂಕಪಟ್ಟಿ, ಒಂದು ಹಾಡು

ಕೊರಿಯಾದ ಹುಡುಗಿಯರ ತಂಡವೊಂದು ಹೊಸ ಹಾಡು ಬಿಟ್ಟ ದಿನ ವಿಮರ್ಶೆಗಳೆಲ್ಲ ಒಂದೇ ಅಚ್ಚಿನಲ್ಲಿ ಬರುತ್ತವೆ. ಹಾಡಿಗಿಷ್ಟು ಅಂಕ, ವಿಡಿಯೊಗಿಷ್ಟು, ನೃತ್ಯಕ್ಕಿಷ್ಟು. ಕೂಡಿ ಮೂರರಿಂದ ಭಾಗಿಸಿದರೆ ತೀರ್ಪು ಸಿದ್ಧ. ಅಭಿಮಾನಿಗಳಿಗೆ ಅಷ್ಟಕ್ಕೂ ಪುರುಸೊತ್ತಿಲ್ಲ, ಅವರ ಕಣ್ಣೆಲ್ಲ ಯೂಟ್ಯೂಬಿನ ಮೊದಲ 24 ಗಂಟೆಗಳ ಎಣಿಕೆಯ ಮೇಲೆ. 2020ರ ಜೂನ್‌ನಲ್ಲಿ ಬ್ಲ್ಯಾಕ್‌ಪಿಂಕ್ ತಂಡದ ‘ಹೌ ಯು ಲೈಕ್ ದಟ್’ ಒಂದೇ ದಿನದಲ್ಲಿ 8.63 ಕೋಟಿ ವೀಕ್ಷಣೆ ಪಡೆದು ದಾಖಲೆ ಮಾಡಿತು. ಎರಡು ತಿಂಗಳು ಕಳೆಯುವುದರೊಳಗೆ ಬಿಟಿಎಸ್ ಹುಡುಗರು ಅದನ್ನು ಮುರಿದರು. ಅಭಿಮಾನಿ ಬಳಗದ ಶಿಸ್ತು ಎಂಥದೆಂದು ಈ ಲೆಕ್ಕದಿಂದ ತಿಳಿಯುತ್ತದೆ. ಹಾಡಿನ ಬಗ್ಗೆ ಏನೂ ತಿಳಿಯುವುದಿಲ್ಲ.

ಅಂಕ ಹಂಚುವವರ ವಾದವನ್ನು ಸುಮ್ಮನೆ ತಳ್ಳಿಹಾಕುವಂತೆಯೂ ಇಲ್ಲ. ರಾಗ ಕಟ್ಟುವವರು, ಹೆಜ್ಜೆ ಕೂಡಿಸುವವರು, ಕ್ಯಾಮೆರಾ ಹಿಡಿಯುವವರು ಬೇರೆ ಬೇರೆ ಜನ. ಮೂರನ್ನೂ ಬಿಡಿಸಿಟ್ಟಾಗ ಒಂದೊಂದೇ ತನ್ನ ಕಾಲ ಮೇಲೆ ನಿಂತ ಉದಾಹರಣೆಗಳಿವೆ. ಗರ್ಲ್ಸ್ ಜನರೇಶನ್ 2007ರಲ್ಲಿ ‘ಇಂಟು ದ ನ್ಯೂ ವರ್ಲ್ಡ್’ ಹಾಡಿನೊಂದಿಗೆ ರಂಗಕ್ಕಿಳಿದಾಗ ಒಂಬತ್ತು ಹುಡುಗಿಯರು ಒಟ್ಟಿಗೆ ಕಾಲೆತ್ತಿ ಒದೆಯುವ ಭಂಗಿ ಕಣ್ಣು ಸೆಳೆದಿತ್ತು. 2016ರ ಬೇಸಿಗೆಯಲ್ಲಿ ಸೋಲ್‌ನ ಇಹ್ವಾ ಮಹಿಳಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರು ಪೊಲೀಸರಿಗೆ ಎದುರಾಗಿ ಹಾಡಿದ್ದೂ ಅದನ್ನೇ. ಅಲ್ಲಿ ಕುಣಿತವಿರಲಿಲ್ಲ, ಹಿಮ್ಮೇಳವಿರಲಿಲ್ಲ. 2024ರ ಡಿಸೆಂಬರ್‌ನಲ್ಲಿ ಅಧ್ಯಕ್ಷರ ವಿರುದ್ಧ ಜನ ಬೀದಿಗಿಳಿದಾಗ ಅದೇ ಹಾಡು ಮತ್ತೆ ಕೇಳಿಬಂತು.

ಇಎಕ್ಸ್‌ಐಡಿ ತಂಡದ ‘ಅಪ್ ಅಂಡ್ ಡೌನ್’ ಕಥೆ ಇದರ ತಿರುವುಮುರುವು. 2014ರ ಆಗಸ್ಟ್‌ನಲ್ಲಿ ಬಂದ ಆ ಹಾಡನ್ನು ಯಾರೂ ಕ್ಯಾರೇ ಅನ್ನಲಿಲ್ಲ. ತಂಡ ಹೆಚ್ಚುಕಡಿಮೆ ಮೂಲೆ ಸೇರಿತ್ತು. ಅಕ್ಟೋಬರ್‌ನ ಒಂದು ಕಾರ್ಯಕ್ರಮದಲ್ಲಿ ಪ್ರೇಕ್ಷಕನೊಬ್ಬ ಹಾನಿ ಎಂಬ ಗಾಯಕಿಯ ಮೇಲೆ ಮಾತ್ರ ಕ್ಯಾಮೆರಾ ನೆಟ್ಟು, ಕತ್ತರಿ ಹಾಕದೆ, ಪೂರ್ತಿ ಹಾಡನ್ನು ಚಿತ್ರೀಕರಿಸಿದ. ಅದು ಅಂತರ್ಜಾಲದಲ್ಲಿ ಹಬ್ಬಿ, ಸತ್ತಿದ್ದ ಹಾಡು ಪಟ್ಟಿಗಳಲ್ಲಿ ಮೇಲೇರಿ, 2015ರ ಜನವರಿಯಲ್ಲಿ ಟಿವಿ ಸ್ಪರ್ಧೆಗಳಲ್ಲಿ ಮೊದಲ ಸ್ಥಾನ ಗೆದ್ದಿತು. ಹಾಡಿನಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಎರಡು ಸೆಕೆಂಡಿಗೊಮ್ಮೆ ಕೋನ ಬದಲಿಸುವ ವಿಡಿಯೊಗಳು ನೃತ್ಯವನ್ನು ತೋರಿಸುವುದಕ್ಕಿಂತ ಬಚ್ಚಿಡುವುದೇ ಹೆಚ್ಚು ಎಂಬ ಗುಮಾನಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಗುಲಾಬಿ ಗೋಡೆಗಳ ನಡುವೆ ಬರೀ ಕುಣಿತವನ್ನಷ್ಟೇ ಹಿಡಿದ ಬ್ಲ್ಯಾಕ್‌ಪಿಂಕ್‌ನ ಸರಳ ವಿಡಿಯೊ ನೂರು ಕೋಟಿ ವೀಕ್ಷಣೆ ದಾಟಿದ್ದರ ಗುಟ್ಟೂ ಇಲ್ಲೇ ಇರಬಹುದು.

ಹಾಗಾದರೆ ಬಿಡಿಸಿ ನೋಡುವುದೇ ಸರಿಯಾದ ದಾರಿಯೆ? ಸಿನಿಮಾ ಹಾಡನ್ನು ರೇಡಿಯೊದಲ್ಲಿ ವರ್ಷಗಟ್ಟಲೆ ಕೇಳಿ, ಚಿತ್ರ ನೋಡುವುದನ್ನು ಆಮೇಲೆಂದು ಬಿಟ್ಟುಕೊಂಡು ಬೆಳೆದ ಕನ್ನಡದ ಕಿವಿಗೆ ಹೌದು ಅನ್ನಿಸುವುದು ಸಹಜ. ಆದರೆ ನ್ಯೂಜೀನ್ಸ್ ತಂಡ 2023ರ ಜುಲೈ 7ರಂದು ಬಿಟ್ಟ ‘ಸೂಪರ್ ಶೈ’ ಈ ಲೆಕ್ಕಕ್ಕೆ ಬಗ್ಗುವುದಿಲ್ಲ.

ಹಾಡಿನ ವಸ್ತು ತೀರಾ ಹಳೆಯದು. ಮೆಚ್ಚಿದವರ ಎದುರು ನಾಲಿಗೆ ಹೊರಳದ ಹುಡುಗಿಯ ಪಾಡು. ಕೆಳಗೆ ಡ್ರಮ್ಮುಗಳು ಜರ್ಸಿ ಕ್ಲಬ್ ಶೈಲಿಯಲ್ಲಿ ಓಡುತ್ತವೆ, ಮೇಲೆ ಐವರ ದನಿ ಪಿಸುಮಾತಿನ ಹತ್ತಿರ ನಿಲ್ಲುತ್ತದೆ. ಒಬ್ಬರೂ ಎತ್ತರದ ಸ್ವರಕ್ಕೆ ಹಾರುವುದಿಲ್ಲ. ಕಣ್ಣು ಮುಚ್ಚಿ ಕೇಳಿದರೆ ಸಂಕೋಚದ ಹಾಡು, ಅಷ್ಟೆ. ಇನ್ನು ದನಿ ತೆಗೆದು ನೋಡಿ. ತಲೆಯ ಪಕ್ಕದಿಂದ ಹೊರಟ ತೋಳು ಭುಜದ ಹಿಂದೆ ಗಿರ್ರನೆ ಸುತ್ತಿ, ತಾಳ ಬಿದ್ದ ಕ್ಷಣಕ್ಕೆ ಸರಿಯಾಗಿ ಮುಂದೆ ಚಾಚಿ ನಿಲ್ಲುತ್ತದೆ. ಮಣಿಕಟ್ಟು ಸಡಿಲ, ಕತ್ತು ನೆಟ್ಟಗೆ. ಇದು ವ್ಯಾಕಿಂಗ್. 1970ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸಲಿಂಗಿಗಳ ಡಿಸ್ಕೊ ಕ್ಲಬ್‌ಗಳಲ್ಲಿ ಕಪ್ಪು ಮತ್ತು ಲ್ಯಾಟಿನೊ ಯುವಕರು ಹಳೆಯ ಹಾಲಿವುಡ್ ನಟಿಯರ ಠೀವಿಯನ್ನು ಅನುಕರಿಸುತ್ತ ಕಟ್ಟಿದ ಕುಣಿತ. ಹೊರಗೆ ಮರೆಯಾಗಿ ಬದುಕಬೇಕಿದ್ದವರು ಒಳಗೆ ‘ನೋಡಿ ನನ್ನನ್ನು’ ಎಂದು ಮೆರೆಯಲು ಹುಟ್ಟಿಸಿಕೊಂಡ ಭಾಷೆ ಅದು.

ಬಾಯಿ ನಾಚುತ್ತದೆ, ತೋಳು ಮೆರೆಯುತ್ತದೆ. ಬಿಡಿಯಾಗಿ ನೋಡಿದರೆ ಎರಡೂ ಅರೆಸುಳ್ಳು; ಒಂದಕ್ಕೊಂದು ಎದುರಾದಾಗಲೇ ಆ ಹುಡುಗಿ ಇಡಿಯಾಗಿ ಕಾಣುವುದು. ವಿಡಿಯೊ ಈ ಜಗಳವನ್ನು ಕೆಡಿಸದೆ ಲಿಸ್ಬನ್ ನಗರದ ಬಯಲಿಗೆ ತರುತ್ತದೆ. ಅಲ್ಲಿ ನೃತ್ಯಗಾರರ ದೊಡ್ಡ ಗುಂಪು ಫ್ಲ್ಯಾಶ್‌ಮಾಬ್ ಮಾದರಿಯಲ್ಲಿ ಸೇರಿಕೊಳ್ಳುತ್ತದೆ. ನಾಚಿಕೆಯವಳ ಮನಸ್ಸಿನೊಳಗಿನ ಗದ್ದಲಕ್ಕೆ ಬೀದಿಯೇ ಒದಗಿಬಂದಂತೆ. ಈ ಮೂರರಲ್ಲಿ ಯಾವುದಕ್ಕೆ ಹತ್ತಕ್ಕೆ ಎಂಟು ಕೊಡುವುದು?

ಕೊರತೆಯೂ ಇದೆ, ಅದು ಕಾಣುವುದೂ ಒಟ್ಟಾಗಿ ನೋಡಿದಾಗಲೇ. ಹಾಡಿನ ಉದ್ದ ಎರಡೂವರೆ ನಿಮಿಷದಷ್ಟು. ಕೊನೆಯ ಭಾಗದಲ್ಲಿ ರಾಗ ಹೊಸ ತಿರುವು ಹುಡುಕುವುದಿಲ್ಲ, ಹಳೆಯ ಸುತ್ತಿನಲ್ಲೇ ನಿಲ್ಲುತ್ತದೆ. ತೆರೆಯ ಮೇಲೆ ಜನಜಂಗುಳಿ ಇರುವುದರಿಂದ ಆ ಬಡತನ ಕಣ್ಣಿಗೆ ಬೀಳದೆ ಹೋಗುತ್ತದೆ. ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 48ನೇ ಸ್ಥಾನದವರೆಗೆ ಏರಿದ ಹಾಡಿನ ಬಗ್ಗೆ ಈ ತಕರಾರು ಸಣ್ಣದೆನ್ನಿಸಬಹುದು, ಆದರೆ ರಾಗ ಕೈಚೆಲ್ಲಿದ ಜಾಗವನ್ನು ಇಲ್ಲಿ ವಿಡಿಯೊ ತುಂಬಿಕೊಟ್ಟಿದೆ ಎಂಬುದಂತೂ ನಿಜ.