ಉಳಿತಾಯದ ಹಣವೂ ಅದರ ಬಡ್ಡಿಯೂ

ಮಲೆನಾಡಿನಲ್ಲಿ ಅಡಕೆಯನ್ನು ಮಾರಿ ಬಂದ ಹಣವಾಗಲಿ, ಮಂಡ್ಯದ ಸೀಮೆಯಲ್ಲಿ ಕಬ್ಬಿನ ಬಾಬ್ತು ಕಾರ್ಖಾನೆಯಿಂದ ಬಂದ ಹಣವಾಗಲಿ, ಕೊಡಗಿನಲ್ಲಿ ಕಾಫಿಯ ಹಣವಾಗಲಿ, ವರ್ಷದಲ್ಲಿ ಒಂದೆರಡು ಸಲ ಮಾತ್ರ ಒಟ್ಟಾಗಿ ಬರತಕ್ಕದ್ದು. ಆಳುಗಳ ಕೂಲಿ, ಗೊಬ್ಬರ, ಮಕ್ಕಳ ಓದು, ಮದುವೆ ಮುಂಜಿ ಮೊದಲಾದ ಖರ್ಚುಗಳಾದರೋ ವರ್ಷವೆಲ್ಲಾ ಹರಡಿಕೊಂಡಿರುತ್ತವೆ. ಆದುದರಿಂದ ಅನುಕೂಲಸ್ಥರಾದ ಜಮೀನುದಾರರ ಹಣವು ಆರೇಳು ತಿಂಗಳಾದರೂ ಬ್ಯಾಂಕಿನ ಉಳಿತಾಯದ ಲೆಕ್ಕದಲ್ಲಿ ಸುಮ್ಮನೆ ಬಿದ್ದಿರುವುದುಂಟು. ಗದ್ದೆಯ ಬದುವಿನಲ್ಲಿ ಏಡಿ ಕೊರೆದ ಬಿಲದಿಂದ ನೀರು ಸೋರಿದರೆ ರಾತ್ರಿಯಲ್ಲೆದ್ದು ಹೋಗಿ ಮಣ್ಣು ಮೆತ್ತುವ ಬೇಸಾಯಗಾರನು, ಪಾಸ್‌ಬುಕ್ಕಿನಲ್ಲಿ ಎಷ್ಟು ಬಡ್ಡಿ ಬಿದ್ದಿದೆಯೆಂಬುದನ್ನು ವರ್ಷಕ್ಕೊಮ್ಮೆಯೂ ನೋಡುವುದಿಲ್ಲ.

2011ನೆಯ ಇಸವಿಯ ಅಕ್ಟೋಬರ್ ತಿಂಗಳವರೆಗೆ ಈ ಉದಾಸೀನತೆಯಿಂದ ಹೆಚ್ಚು ನಷ್ಟವಿರಲಿಲ್ಲ. ವಾಣಿಜ್ಯ ಬ್ಯಾಂಕುಗಳ ಉಳಿತಾಯದ ಲೆಕ್ಕಕ್ಕೆ ರಿಸರ್ವ್ ಬ್ಯಾಂಕೇ ಬಡ್ಡಿಯನ್ನು ಗೊತ್ತುಮಾಡುತ್ತಿದ್ದಿತು. ಯಾವ ಬಾಗಿಲಿಗೆ ಹೋದರೂ ದರವೊಂದೇ. ಆ ತಿಂಗಳ 25ನೆಯ ತಾರೀಖಿನಿಂದ ದರವನ್ನು ಗೊತ್ತುಮಾಡುವ ಅಧಿಕಾರವು ಆಯಾ ಬ್ಯಾಂಕುಗಳಿಗೇ ಬಂದಿತು. ಅಂದು ನೂರಕ್ಕೆ 4ರಂತೆ ಇದ್ದ ಬಡ್ಡಿಯನ್ನು ದೊಡ್ಡ ಬ್ಯಾಂಕುಗಳು ಕ್ರಮೇಣ ಇಳಿಸುತ್ತಾ ಬಂದವು. ಭಾರತೀಯ ಸ್ಟೇಟ್ ಬ್ಯಾಂಕಿನಲ್ಲಿ 2025ರ ಜೂನ್ 15ರಿಂದ ಅದು 2.5ಕ್ಕೆ ಇಳಿಯಿತು. ಅದೇ ವರ್ಷ ಅಂಚೆ ಕಛೇರಿಯ ಉಳಿತಾಯದ ಲೆಕ್ಕಕ್ಕೆ ನೂರಕ್ಕೆ 4 ಸಲ್ಲುತ್ತಿದ್ದಿತು. ಎರಡು ಲಕ್ಷ ರೂಪಾಯಿಗಳನ್ನು ಏಳು ತಿಂಗಳು ಇಟ್ಟರೆ ಮೊದಲನೆಯ ದರದಲ್ಲಿ ದೊರೆಯುವುದು ಸುಮಾರು 2,917 ರೂಪಾಯಿ, ಎರಡನೆಯದರಲ್ಲಿ 4,667. ಏನೂ ಶ್ರಮವಿಲ್ಲದೆ ಕಳೆದುಹೋಗುವ ವ್ಯತ್ಯಾಸವು 1,750 ರೂಪಾಯಿಗಳು. ಇದು ದೊಡ್ಡ ಮೊತ್ತವಲ್ಲವೆಂದು ಹೇಳುವವರು ಗೊಬ್ಬರದ ಮೂಟೆಯ ಮೇಲೆ ಹತ್ತು ರೂಪಾಯಿ ಹೆಚ್ಚಾದರೆ ಅಂಗಡಿಯ ಮುಂದೆ ಎಷ್ಟು ಹೊತ್ತು ವಾದಿಸುತ್ತಾರೆಂಬುದನ್ನು ನೆನೆಯಬಹುದು.

ಬ್ಯಾಂಕನ್ನು ಬದಲಾಯಿಸಬೇಕೆಂದರೆ ಹಳ್ಳಿಗಳಲ್ಲಿ ಮೊದಲು ಕೇಳಬರುವ ಆಕ್ಷೇಪಣೆಯು, ತಂದೆಯ ಕಾಲದಿಂದ ನಡೆದುಬಂದ ವ್ಯವಹಾರವನ್ನು ಬಿಡುವುದು ಹೇಗೆಂಬುದು. ಈ ಭಾವನೆಯು ಗೌರವಕ್ಕೆ ಅರ್ಹವೇ ಸರಿ. ಆದರೆ ತಂದೆಯ ಕಾಲದ ಬ್ಯಾಂಕು ಈಗ ಎಲ್ಲಿದೆ? 1913ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿ ಸೇರಿತು. ವಿಜಯಾ ಬ್ಯಾಂಕು 2019ರಲ್ಲಿ ಬರೋಡಾ ಬ್ಯಾಂಕಿನಲ್ಲಿ ಲೀನವಾಯಿತು. ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೂ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೂ 2020ರ ಏಪ್ರಿಲ್ 1ರಂದು ಸೇರಿಹೋದವು. ಈ ನಾಡಿನ ಲಕ್ಷಾಂತರ ರೈತರು ತಾವು ಕುಳಿತಲ್ಲಿಂದ ಏಳದೆಯೇ ಒಂದು ಸಲ ಬ್ಯಾಂಕನ್ನು ಬದಲಾಯಿಸಿದವರೇ ಆಗಿದ್ದಾರೆ. ಹಾಗಿರುವಾಗ ತಮ್ಮ ಲಾಭಕ್ಕಾಗಿ ತಾವೇ ಇನ್ನೊಂದು ಸಲ ಬದಲಾಯಿಸುವುದರಲ್ಲಿ ದ್ರೋಹವೇನೂ ಕಾಣುವುದಿಲ್ಲ.

ಎರಡನೆಯ ಆಕ್ಷೇಪಣೆಯು ಹಣದ ಭದ್ರತೆಯನ್ನು ಕುರಿತದ್ದು. ಇದು ನಿಜವಾಗಿಯೂ ವಿಚಾರಾರ್ಹವಾದುದು. ಊರಿನ ಮುಖಂಡರು ಬಡ್ಡಿಯ ದರಕ್ಕಿಂತಲೂ ಮೊದಲು ಇದನ್ನೇ ವಿಚಾರಿಸತಕ್ಕದ್ದು. 1960ರಲ್ಲಿ ಕೇರಳದ ಪಾಲಾಯಿ ಸೆಂಟ್ರಲ್ ಬ್ಯಾಂಕು ಮುಳುಗಿದ ತರುವಾಯ, 1962ರಲ್ಲಿ ಠೇವಣಿಗಳಿಗೆ ವಿಮೆಯ ಏರ್ಪಾಡಾಯಿತು. 1993ರಿಂದ ಒಂದು ಲಕ್ಷ ರೂಪಾಯಿಗಳಿಗೆ ನಿಂತಿದ್ದ ಆ ವಿಮೆಯನ್ನು 2020ರ ಫೆಬ್ರವರಿ 4ರಿಂದ ಐದು ಲಕ್ಷಕ್ಕೆ ಏರಿಸಲಾಯಿತು. ಈ ಮಿತಿಯಲ್ಲಿ ಅಸಲೂ ಬಡ್ಡಿಯೂ ಸೇರಿವೆ. ಒಂದೇ ಬ್ಯಾಂಕಿನ ನಾಲ್ಕು ಶಾಖೆಗಳಲ್ಲಿ ಇಟ್ಟರೂ ಒಬ್ಬನಿಗೆ ಒಂದೇ ಮಿತಿ, ಬೇರೆ ಬೇರೆ ಬ್ಯಾಂಕುಗಳಲ್ಲಿ ಇಟ್ಟರೆ ಮಾತ್ರ ಬೇರೆ ಬೇರೆ. ವಾಣಿಜ್ಯ ಬ್ಯಾಂಕುಗಳಿಗೂ, ಹೆಚ್ಚಿನ ಬಡ್ಡಿಯನ್ನು ಕೊಡುವ ಸಣ್ಣ ಹಣಕಾಸು ಬ್ಯಾಂಕುಗಳಿಗೂ, ಪಟ್ಟಣದ ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಉಂಟು. ಅಂಚೆ ಕಛೇರಿಯ ಹಣಕ್ಕೆ ಸರ್ಕಾರವೇ ಹೊಣೆ.

ಆದರೆ ಗ್ರಾಮದ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘದಲ್ಲಿ ಇಟ್ಟ ಠೇವಣಿಗೆ ಈ ವಿಮೆಯಿಲ್ಲ. ಬ್ಯಾಂಕಿಂಗ್ ಲೈಸೆನ್ಸು ಇಲ್ಲದ ಸೌಹಾರ್ದ ಸಹಕಾರಿಗಳಿಗೂ ಇಲ್ಲ. ಇದನ್ನು ಹೇಳುವುದು ಸಂಘಗಳನ್ನು ಹಳಿಯುವುದಕ್ಕಾಗಿ ಅಲ್ಲ. 1905ರಲ್ಲಿ ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಮೊದಲುಮಾಡಿದ ಸಹಕಾರ ಸಂಘದಂಥವುಗಳಿಂದಲೇ ರೈತನಿಗೆ ಸಾಹುಕಾರನ ಕೈಯಿಂದ ಬಿಡುಗಡೆಯಾಯಿತು. ಚೆನ್ನಾಗಿ ನಡೆಯುತ್ತಿರುವ ಸಂಘಗಳು ಅನೇಕವಾಗಿವೆ. ಆದರೂ ನೂರಕ್ಕೆ ಎರಡು ಮೂರು ಹೆಚ್ಚಿಗೆ ಕೊಡುವೆವೆಂದು ಬೋರ್ಡು ಹಾಕಿದ ಕಡೆಗೆ ಊರ ಗೌಡರು ತಮ್ಮ ಹಣವನ್ನು ಸಾಗಿಸಿದರೆ, ಅವರ ಹಿಂದೆಯೇ ಒಂದೆರಡು ಎಕರೆಯ ಹಿಡುವಳಿದಾರನೂ, ವಿಧವೆಯೂ, ಪಿಂಚಣಿಯ ಮೇಷ್ಟರೂ ಸಾಗಿಸುತ್ತಾರೆಂಬುದು ಹಳ್ಳಿಯನ್ನು ಬಲ್ಲವರಿಗೆಲ್ಲಾ ತಿಳಿದ ಸಂಗತಿ. ಅಲ್ಲಿ ತೊಂದರೆಯಾದರೆ ಗೌಡರಿಗೆ ಜಮೀನಾದರೂ ಉಳಿಯುತ್ತದೆ, ಹಿಂಬಾಲಿಸಿದವರಿಗೆ ಉಳಿಯುವುದೇನು? ವಿಮೆಯಿರುವ ಕಡೆಯಲ್ಲಿಯೂ ಹಣವು ಒಡನೆಯೇ ಕೈಗೆ ಬರುವುದಿಲ್ಲ. 2020ರ ಜನವರಿಯಲ್ಲಿ ಬೆಂಗಳೂರಿನ ಒಂದು ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಬಿದ್ದಾಗ ಠೇವಣಿದಾರರಿಗೆ ಮೊದಲು ತೆಗೆಯಲು ಸಿಕ್ಕಿದ್ದು ತಲೆಗೆ 35,000 ರೂಪಾಯಿಗಳು ಮಾತ್ರ. ನಿರ್ಬಂಧಕ್ಕೊಳಗಾದ ಬ್ಯಾಂಕಿನ ಠೇವಣಿದಾರರಿಗೆ ವಿಮೆಯ ಹಣವು 90 ದಿನಗಳೊಳಗೆ ಸಲ್ಲಬೇಕೆಂಬ ನಿಯಮವು ಬಂದುದು 2021ರಲ್ಲಿ.

ಬದಲಾಯಿಸುವುದಕ್ಕೆ ಮುಂಚೆ ಈಗಿರುವ ಬ್ಯಾಂಕನ್ನೇ ಒಮ್ಮೆ ಕೇಳುವುದು ಲೇಸು. ಗೊತ್ತಾದ ಮೊತ್ತಕ್ಕಿಂತ ಹೆಚ್ಚಾದ ಹಣವನ್ನು ತಾನಾಗಿಯೇ ವಾಯಿದೆ ಠೇವಣಿಗೆ ಹಾಕುವ ಏರ್ಪಾಡು ಅನೇಕ ಬ್ಯಾಂಕುಗಳಲ್ಲಿ ಉಂಟು. ಕೇಳದವರಿಗೆ ಅದನ್ನು ಯಾರೂ ಹೇಳುವುದಿಲ್ಲ. ಹೊಸ ಬ್ಯಾಂಕು ಜಾಹೀರು ಮಾಡುವ ದೊಡ್ಡ ದರವು ಎಷ್ಟು ಮೊತ್ತಕ್ಕೆ ಅನ್ವಯಿಸುತ್ತದೆಂಬುದನ್ನೂ ವಿಚಾರಿಸಬೇಕು, ಏಕೆಂದರೆ ಲಕ್ಷ ರೂಪಾಯಿಗಳಿಗೆ ಮೇಲ್ಪಟ್ಟ ಶಿಲ್ಕಿಗೆ ಬೇರೆ ಬೇರೆ ದರಗಳನ್ನಿಡಲು ಬ್ಯಾಂಕಿಗೆ ಸ್ವಾತಂತ್ರ್ಯವಿದೆ. ಅಂಚೆಯ ಉಳಿತಾಯದ ಲೆಕ್ಕದಲ್ಲಿ ತಿಂಗಳ 10ನೆಯ ತಾರೀಖಿನಿಂದ ಕೊನೆಯವರೆಗಿನ ಕನಿಷ್ಠ ಶಿಲ್ಕಿಗೆ ಮಾತ್ರ ಬಡ್ಡಿ. 11ನೆಯ ತಾರೀಖು ಕಟ್ಟಿದವನಿಗೆ ಆ ತಿಂಗಳು ವ್ಯರ್ಥ. ಅಲ್ಲಿಯ ವಾಯಿದೆ ಠೇವಣಿಯನ್ನು ಆರು ತಿಂಗಳು ತುಂಬುವವರೆಗೆ ಮುರಿಯಲಾಗದಾದುದರಿಂದ, ಮುಂಗಾರಿನ ಬಿತ್ತನೆಗೆ ಬೇಕಾದ ಹಣವನ್ನು ಸುಗ್ಗಿ ಕಳೆದ ಮೇಲೆ ಅದರಲ್ಲಿ ಹಾಕುವುದು ಅವಿವೇಕ.

ಮನೆಯೊಡೆಯನ ಹಣವು ನೂರಕ್ಕೆ 2½ರಲ್ಲಿ ಬಿದ್ದಿದ್ದು, ಮನೆಯೊಡತಿಯ ಒಡವೆಗಳು ಅದರ ಮೂರು ನಾಲ್ಕು ಪಾಲಿನ ಬಡ್ಡಿಗೆ ಒತ್ತೆಯಲ್ಲಿರುವ ಸಂಸಾರಗಳು ಅಪರೂಪವಲ್ಲ. ಅಂಥವರಿಗೆ ಒಡವೆಯನ್ನು ಬಿಡಿಸಿಕೊಳ್ಳುವುದಕ್ಕಿಂತ ಲಾಭದಾಯಕವಾದ ಠೇವಣಿಯು ಯಾವ ಬ್ಯಾಂಕಿನಲ್ಲಿಯೂ ದೊರೆಯದು. ಇದಕ್ಕೆ ವಿರುದ್ಧವಾಗಿ, ಸರ್ಕಾರವೇ ಬಡ್ಡಿಯನ್ನು ವಹಿಸುವ ಬೆಳೆಸಾಲವನ್ನು ಮುಂಚಿತವಾಗಿ ತೀರಿಸುವ ಅವಸರ ಬೇಡ. ವಾಯಿದೆಯ ದಿನವನ್ನು ಮಾತ್ರ ತಪ್ಪಿಸಕೂಡದು, ತಪ್ಪಿದರೆ ರಿಯಾಯಿತಿಯು ಹೋಯಿತು.

ಹಳೆಯ ಲೆಕ್ಕವನ್ನು ಒಮ್ಮೆಲೇ ಮುಚ್ಚುವವರು ಅನೇಕರು ಪೇಚಿಗೆ ಸಿಕ್ಕಿದ್ದಾರೆ. ಆಧಾರ್ ಸಂಖ್ಯೆಯ ಮೂಲಕ ಪಾವತಿಯಾಗುವ ಸರ್ಕಾರದ ಸಹಾಯಧನಗಳು, ಆ ಸಂಖ್ಯೆಯು ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಆ ಲೆಕ್ಕಕ್ಕೇ ಬೀಳತಕ್ಕವು. ಜೋಡಣೆಯನ್ನು ಬದಲಾಯಿಸದೆ ಲೆಕ್ಕವನ್ನು ಮುಚ್ಚಿದರೆ ಬರಬೇಕಾದ ಕಂತು ಹಿಂದಿರುಗುವುದು. ಆದ್ದರಿಂದ ಸಹಾಯಧನಕ್ಕೂ ಬೆಳೆಸಾಲಕ್ಕೂ ಹಳೆಯ ಲೆಕ್ಕವನ್ನು ಉಳಿಸಿಕೊಂಡು, ಮಿಕ್ಕ ಹಣವನ್ನು ಮಾತ್ರ ಹೊಸದಕ್ಕೆ ಸಾಗಿಸುವುದೇ ಬಹುಮಂದಿಗೆ ಅನುಕೂಲ. ಆದರೆ ಎರಡು ವರ್ಷ ಯಾವ ವ್ಯವಹಾರವನ್ನೂ ಮಾಡದೆ ಬಿಟ್ಟ ಲೆಕ್ಕವನ್ನು ಬ್ಯಾಂಕು ನಿಷ್ಕ್ರಿಯವೆಂದು ಗುರುತುಹಾಕುತ್ತದೆ. ಹತ್ತು ವರ್ಷ ಕಳೆದರೆ ಅದರ ಹಣವು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ. ಅಲ್ಲಿಂದ ಹಿಂದಕ್ಕೆ ಪಡೆಯಬಹುದಾದರೂ, ಯಜಮಾನನು ಕಾಲವಾದ ಮೇಲೆ ಆ ಲೆಕ್ಕದ ಸುಳಿವೇ ಮನೆಯವರಿಗೆ ಇಲ್ಲದಿದ್ದರೆ ಕೇಳುವವರಾರು? ಹೊಸ ಲೆಕ್ಕವನ್ನು ತೆರೆದ ದಿನವೇ ವಾರಸುದಾರರ ಹೆಸರನ್ನು ನಾಮಿನಿಯೆಂದು ಬರೆಸತಕ್ಕದ್ದು. 2025ರ ನವೆಂಬರ್ 1ರಿಂದ ನಾಲ್ವರ ಹೆಸರುಗಳನ್ನು ಬರೆಸಲು ಅವಕಾಶವಾಗಿದೆ.