ನೋವಿಗೆ ಮಾಡಿ ನೋಡಿ, ಲೆಕ್ಕ ಇಟ್ಟು ಮಾಡಿ

ಮುಟ್ಟಿನ ನೋವಿಗೆ ಹೊರಳಾಡುವ ಅಕ್ಕ ತಂಗಿಯರೇ, ಮಗಳ ನರಳಾಟ ನೋಡಿ ನಿದ್ದೆಗೆಟ್ಟ ತಾಯಂದಿರೇ,

ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ನೀವೆಲ್ಲ ಓದಿರುತ್ತೀರಿ: ‘ಗರ್ಭಕೋಶದ ಗಡ್ಡೆ, ಮುಟ್ಟಿನ ದೋಷ, ಬಂಜೆತನ. ಆಪರೇಷನ್ ಇಲ್ಲದೆ ಬೇರುಸಹಿತ ಗುಣ. ಗ್ಯಾರಂಟಿ.’ ಕೆಳಗೊಂದು ಫೋನ್ ನಂಬರು. ಈ ಕರಪತ್ರದಲ್ಲಿ ಯಾವ ನಂಬರೂ ಇಲ್ಲ, ನಾವು ಮಾರುವುದು ಏನೂ ಇಲ್ಲ. ಹಾಗಂತ ಇಂಗ್ಲಿಷ್ ಔಷಧಿ ಬಿಟ್ಟು ಉಳಿದದ್ದೆಲ್ಲ ಬುರುಡೆ ಎಂದು ಬೈಯುವುದಕ್ಕೂ ಇದನ್ನು ಅಚ್ಚು ಹಾಕಿಸಿಲ್ಲ. ಎಂಡೊಮೆಟ್ರಿಯೋಸಿಸ್ ಎಂಬ ಕಾಯಿಲೆಯ ನೋವು ಉಂಡ ನಾವು ಐದಾರು ಹೆಂಗಸರು ಕೈಯಿಂದ ದುಡ್ಡು ಹಾಕಿ ಹೇಳುತ್ತಿರುವ ನಾಲ್ಕು ಮಾತು ಇದು.

ಬರೆಯುತ್ತಿರುವ ನಾನು ಹೈಸ್ಕೂಲ್ ಟೀಚರ್. ನೋವು ಶುರುವಾದದ್ದು ಒಂಬತ್ತನೇ ಕ್ಲಾಸಿನಲ್ಲಿ, ಅದಕ್ಕೊಂದು ಹೆಸರು ಸಿಕ್ಕಿದ್ದು ಇಪ್ಪತ್ತೇಳನೇ ವಯಸ್ಸಿನಲ್ಲಿ. ನಡುವೆ ಮಾಡದ ಮದ್ದಿಲ್ಲ. ಅಜ್ಜಿಯ ಜೀರಿಗೆ ಕಷಾಯ, ಖಾಲಿ ಹೊಟ್ಟೆಗೆ ಮಜ್ಜಿಗೆಯಲ್ಲಿ ನೆನೆಸಿದ ಮೆಂತ್ಯ, ಹೊಟ್ಟೆಗೆ ಹರಳೆಣ್ಣೆ ಸವರಿ ಮೇಲೆ ಬಾಡಿಸಿದ ವೀಳ್ಯದೆಲೆ, ಹೋಮಿಯೋಪಥಿಯ ಸಕ್ಕರೆ ಗುಳಿಗೆ, ಅಶೋಕಾರಿಷ್ಟದ ಬಾಟಲಿಗಳು. ಕೊನೆಗೆ ಯಾರೋ ಹೇಳಿದರೆಂದು ಊರಾಚೆಯ ಒಬ್ಬರ ಹತ್ತಿರ ಹೋಗಿ ತಂದದ್ದು, ಹಳೇ ಪೇಪರಿನಲ್ಲಿ ಕಟ್ಟಿಕೊಟ್ಟ ಕೆಂಪು ಪುಡಿ. ಅದರೊಳಗೆ ಏನಿತ್ತೆಂದು ಇವತ್ತಿಗೂ ನನಗೆ ಗೊತ್ತಿಲ್ಲ.

ಆದರೆ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಪುಡಿಯವರು ಮುಕ್ಕಾಲು ಗಂಟೆ ಕೂತು ನನ್ನ ಮಾತು ಕೇಳಿದರು. ಅವರಿಗಿಂತ ಮುಂಚೆ ತೋರಿಸಿಕೊಂಡ ಡಾಕ್ಟರು ತಲೆಯೆತ್ತದೆ ಚೀಟಿ ಬರೆದು, ಅಮ್ಮನ ಕಡೆ ತಿರುಗಿ, ‘ಮದುವೆ ಮಾಡಿ, ಒಂದು ಮಗು ಆದ್ರೆ ಎಲ್ಲ ಸರಿಹೋಗುತ್ತೆ’ ಅಂದಿದ್ದರು. ಓದಿದ ಹೆಂಗಸರೂ ಪುಡಿ ಪೊಟ್ಟಣದ ಹಿಂದೆ ಯಾಕೆ ಹೋಗುತ್ತಾರೆ ಎಂದು ಆಶ್ಚರ್ಯಪಡುವವರು ಮೊದಲು ಆ ಚೀಟಿಯ ಕಥೆ ಕೇಳಲಿ.

ಗರ್ಭಕೋಶದ ಒಳಗೋಡೆಯ ಪದರದಂಥದ್ದೇ ಅಂಗಾಂಶ ಗರ್ಭಕೋಶದ ಹೊರಗೆ, ಅಂಡಾಶಯದ ಮೇಲೆ, ಕರುಳು, ಮೂತ್ರಕೋಶದ ಸುತ್ತ ಬೆಳೆಯುವುದೇ ಎಂಡೊಮೆಟ್ರಿಯೋಸಿಸ್. ತಿಂಗಳ ಹಾರ್ಮೋನಿನ ಏರಿಳಿತಕ್ಕೆ ಅದೂ ಕೆರಳುತ್ತದೆ, ಸುತ್ತಲೂ ಊತ ಬರುತ್ತದೆ, ಒಂದು ಅಂಗ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. ಅಂಡಾಶಯದೊಳಗೆ ಹಳೇ ರಕ್ತ ಕಟ್ಟಿ ಕಂದು ಪಾಕದಂತಾದರೆ ಅದೇ ಸ್ಕ್ಯಾನಿಂಗ್ ರಿಪೋರ್ಟಿನ ‘ಚಾಕೊಲೇಟ್ ಸಿಸ್ಟ್’. ಅಮೆರಿಕದ ಡಾ. ಜಾನ್ ಸ್ಯಾಂಪ್ಸನ್ ಈ ಚಾಕೊಲೇಟ್ ಗಂಟುಗಳ ಬಗ್ಗೆ 1921ರಲ್ಲೇ ಬರೆದಿದ್ದರು. ನೂರು ವರ್ಷ ದಾಟಿದೆ, ಇದನ್ನು ಬೇರುಸಹಿತ ಕೀಳುವ ಔಷಧಿ ಯಾವ ಪದ್ಧತಿಯಲ್ಲೂ ಬಂದಿಲ್ಲ. ಹಾರ್ಮೋನ್ ಮಾತ್ರೆ ಕಾಯಿಲೆಯನ್ನು ಮಲಗಿಸುತ್ತದೆ. ಆಪರೇಷನ್ ಇದ್ದದ್ದನ್ನು ತೆಗೆಯುತ್ತದೆ, ಕೆಲವರಿಗೆ ಮತ್ತೆ ಬರುತ್ತದೆ. ಗೋಡೆಯ ಮೇಲೆ ‘ಗ್ಯಾರಂಟಿ’ ಎಂದು ಬರೆದವನಿಗೆ ಕಾಯಿಲೆ ಗೊತ್ತಿಲ್ಲ, ಇಲ್ಲವೇ ನಾಚಿಕೆ ಇಲ್ಲ.

ಹೆರುವ ವಯಸ್ಸಿನ ಹೆಂಗಸರಲ್ಲಿ ಹತ್ತರಲ್ಲಿ ಒಬ್ಬಳಿಗೆ, ಪ್ರಪಂಚದಲ್ಲಿ ಸುಮಾರು 19 ಕೋಟಿ ಮಂದಿಗೆ ಇದು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಏನೂ ಕಾಣಲಿಲ್ಲ ಎಂದರೆ ಏನೂ ಇಲ್ಲ ಎಂದಲ್ಲ. ರಿಪೋರ್ಟಿನಲ್ಲಿ ಚೂರೇ ಕಂಡವಳಿಗೆ ಪ್ರಾಣ ಹೋಗುವ ನೋವಿರಬಹುದು, ದೊಡ್ಡ ಗಂಟಿದ್ದವಳು ಆರಾಮಾಗಿ ಓಡಾಡಬಹುದು. ಇದಕ್ಕೊಂದು ಕಾರಣ, ವರ್ಷಗಟ್ಟಲೆ ನೋವು ತಿಂದ ನರಗಳು ಚುರುಕಾಗಿಬಿಡುತ್ತವೆ, ಸಣ್ಣದಕ್ಕೂ ಬೊಬ್ಬೆ ಹೊಡೆಯುತ್ತವೆ. ನೋವಿಗೆ ಹೆದರಿ ಕಿಬ್ಬೊಟ್ಟೆಯ ತಳದ ಸ್ನಾಯುಗಳು ಸದಾ ಬಿಗಿದುಕೊಂಡಿರುತ್ತವೆ, ಆ ಬಿಗಿತವೇ ಇನ್ನೊಂದು ನೋವು. ಮನೆಮದ್ದು, ಯೋಗ, ಸೂಜಿ ಚಿಕಿತ್ಸೆ ಇಂಥವಕ್ಕೆ ಜಾಗ ಇರುವುದು ಇಲ್ಲಿ. ಅವು ಗಂಟನ್ನು ಕರಗಿಸುವುದಿಲ್ಲ. ಬಿಗಿದ ಸ್ನಾಯು ಸಡಿಲಿಸಬಹುದು, ಕೆರಳಿದ ನರವನ್ನು ಸಮಾಧಾನ ಮಾಡಬಹುದು, ಒಂದು ರಾತ್ರಿಯ ನಿದ್ದೆ ಕೊಡಬಹುದು. ನೋವು ಉಂಡವಳಿಗೆ ಅದು ಸಣ್ಣ ಸಂಗತಿಯಲ್ಲ.

ಆದ್ದರಿಂದ ನಾವು ಹೇಳುವುದು ಇಷ್ಟು: ಮೈಮೇಲೆ ಮಾಡುವುದನ್ನು ಧಾರಾಳವಾಗಿ ಮಾಡಿ ನೋಡಿ. ಬಾಯಿಗೆ ಹಾಕುವುದನ್ನು ಪೊಲೀಸರ ಹಾಗೆ ವಿಚಾರಿಸಿ. ಎರಡಕ್ಕೂ ಲೆಕ್ಕ ಇಡಿ.

ಮೈಮೇಲಿನದ್ದರಲ್ಲಿ ಮೊದಲನೆಯದು ನಮ್ಮ ಅಜ್ಜಿಯರ ಶಾಖ. 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸಾಧಾರಣ ಮುಟ್ಟಿನ ನೋವಿನ ಹೆಂಗಸರಿಗೆ ಹೊಟ್ಟೆಯ ಮೇಲೆ ಕಟ್ಟಿದ ಬಿಸಿ ಪಟ್ಟಿ 400 ಮಿಲಿಗ್ರಾಂ ಐಬುಪ್ರೊಫೆನ್ ಮಾತ್ರೆಯಷ್ಟೇ ನೋವು ಇಳಿಸಿತ್ತು. ವೀಳ್ಯದೆಲೆಯಲ್ಲಿ ಕೆಲಸ ಮಾಡಿದ್ದು ಎಲೆಯೋ ಎಣ್ಣೆಯೋ ಅಲ್ಲ, ಅದರ ಬಿಸಿ ಎಂದು ನನ್ನ ಅನುಮಾನ. ಆದರೆ ಇದರಲ್ಲೂ ಎಚ್ಚರ ಬೇಕು. ನನ್ನ ಹೊಕ್ಕುಳ ಕೆಳಗೆ ಕಂದು ಗೆರೆಗಳ ಒಂದು ಜಾಲ ಇದೆ, ಮೀನಿನ ಬಲೆ ಒತ್ತಿದ ಹಾಗೆ. ಬಿಸಿನೀರಿನ ಬ್ಯಾಗಿಗೆ ಬಟ್ಟೆ ಸುತ್ತದೆ ವರ್ಷಗಟ್ಟಲೆ ಒತ್ತಿ ಹಿಡಿದದ್ದರ ಗುರುತು. ಚರ್ಮದ ಡಾಕ್ಟರು ನೋಡಿದ ಕೂಡಲೇ ಗುರುತಿಸಿದರು: ‘ಒಲೆ ಮುಂದೆ ಕಾಲು ಚಾಚಿ ಕೂರೋ ಅಜ್ಜಂದಿರ ಮೊಣಕಾಲ ಕೆಳಗೆ ಇದನ್ನೇ ನೋಡ್ತೀವಿ.’ ಬ್ಯಾಗಿಗೆ ಟವೆಲ್ ಸುತ್ತಿ, ಕಾಲು ಗಂಟೆಗೊಮ್ಮೆ ಎತ್ತಿ. ಬರೆ ಹಾಕಿಸಲು ಕರೆದೊಯ್ಯುವವರ ಮಾತನ್ನಂತೂ ಕೇಳಬೇಡಿ.

ಯೋಗದ ಬಗ್ಗೆ ಬ್ರೆಜಿಲ್‌ನಲ್ಲಿ 40 ಹೆಂಗಸರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವಿದೆ. ವಾರಕ್ಕೆರಡು ಸಲ, ಒಂದೂವರೆ ಗಂಟೆಯಂತೆ ಎಂಟು ವಾರ ಮಾಡಿದವರಿಗೆ ದಿನನಿತ್ಯದ ನೋವು ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದು, ಅದನ್ನು ಹಿಡಿದುಕೊಂಡು ಟಿವಿಯ ಬಾಬಾಗಳ ಹಾಗೆ ಕುಣಿಯಬೇಕಿಲ್ಲ. ಆದರೆ ಚಾಪೆ ಹಾಸಿ ಉಸಿರಾಡುವುದಕ್ಕೆ ದುಡ್ಡೇನೂ ಬೇಕಿಲ್ಲ. ಅಕ್ಯುಪಂಕ್ಚರ್ ಬಗ್ಗೆ ಚೀನಾದಲ್ಲಿ 106 ಮಂದಿಯ ಮೇಲೆ ನಡೆದ ಪರೀಕ್ಷೆ 2023ರಲ್ಲಿ ಬಂತು. ಅರ್ಧ ಮಂದಿಗೆ ನಿಜವಾದ ಸೂಜಿ, ಅರ್ಧ ಮಂದಿಗೆ ತೋರಿಕೆಯದು. ನಿಜದ ಸೂಜಿಯವರಿಗೆ ಮುಟ್ಟಿನ ನೋವು ಹೆಚ್ಚು ಇಳಿಯಿತು, ಚಿಕಿತ್ಸೆ ನಿಲ್ಲಿಸಿದ ಮೇಲೆ ಆ ಲಾಭ ಉಳಿಯಲಿಲ್ಲ. ಅಂದರೆ ಸೂಜಿಗೆ ಹೋಗುವವರು ಬಸ್ ಚಾರ್ಜನ್ನೂ ಸೇರಿಸಿ ತಿಂಗಳ ಖರ್ಚು ಹಾಕಿ ನೋಡಬೇಕು. ಪ್ರತಿ ಸಲ ಹೊಸ ಸೂಜಿ ಕಣ್ಣೆದುರಿಗೆ ಬಿಚ್ಚಬೇಕು. ಕಿಬ್ಬೊಟ್ಟೆ ತಳದ ಸ್ನಾಯುಗಳಿಗೆ ಫಿಸಿಯೋಥೆರಪಿ ಮಾಡುವವರು ದೊಡ್ಡ ಊರುಗಳಲ್ಲಿ ಈಗ ಸಿಗುತ್ತಾರೆ. ಗಂಡನ ಜೊತೆ ಮಲಗುವಾಗ ನೋವಾಗುವವರು, ಯಾರಿಗೂ ಹೇಳಿಕೊಳ್ಳಲಾಗದವರು, ಅವರನ್ನು ಹುಡುಕಿಕೊಂಡು ಹೋಗಿ.

ಇಲ್ಲಿ ಒಂದು ಗಳಿಗೆ ನಿಲ್ಲೋಣ. ‘ನಮ್ಮ ಪಕ್ಕದ ಮನೆಯವಳಿಗೆ ಗುಣ ಆಯ್ತು’ ಎನ್ನುವ ಮಾತು ಸುಳ್ಳಲ್ಲ, ಆದರೆ ಸಾಕ್ಷಿಯೂ ಅಲ್ಲ. 2004ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ನೋಡಿ. 39 ಹೆಂಗಸರಿಗೆ ಹೊಟ್ಟೆಗೆ ತೂತು ಮಾಡಿ ಒಳಗೆ ನೋಡುವ ಲ್ಯಾಪರೋಸ್ಕೋಪಿ ಮಾಡಿದರು. ಒಂದು ಗುಂಪಿಗೆ ಒಳಗಿದ್ದ ಕಾಯಿಲೆಯ ಭಾಗಗಳನ್ನು ಕತ್ತರಿಸಿ ತೆಗೆದರು. ಇನ್ನೊಂದು ಗುಂಪಿಗೆ ಒಳಗೆ ನೋಡಿ, ಏನೂ ತೆಗೆಯದೆ ಹೊಲಿಗೆ ಹಾಕಿದರು. ಯಾರಿಗೆ ಏನು ಮಾಡಿದೆವೆಂದು ಹೇಳಲಿಲ್ಲ. ಆರು ತಿಂಗಳ ಮೇಲೆ, ತೆಗೆಸಿಕೊಂಡವರಲ್ಲಿ ನೂರಕ್ಕೆ 80 ಮಂದಿ ಸುಧಾರಿಸಿದೆವು ಅಂದರು. ಏನೂ ತೆಗೆಯದವರಲ್ಲೂ ನೂರಕ್ಕೆ 32 ಮಂದಿ ಹಾಗೇ ಅಂದರು! ಅವರು ನಾಟಕ ಆಡಲಿಲ್ಲ, ನೋವು ನಿಜವಾಗಿಯೂ ಇಳಿದಿತ್ತು. ಯಾರೋ ನಮ್ಮನ್ನು ನೋಡಿಕೊಂಡರು ಎಂಬುದಕ್ಕೇ ಅಷ್ಟು ಶಕ್ತಿ ಇದೆ. ಜೊತೆಗೆ ನಾವು ಹೊಸ ಮದ್ದು ಹುಡುಕಿ ಓಡುವುದು ಅತಿ ಕೆಟ್ಟ ತಿಂಗಳಲ್ಲಿ. ಮುಂದಿನ ತಿಂಗಳು ಏನೂ ಮಾಡದಿದ್ದರೂ ಸ್ವಲ್ಪ ಇಳಿಯುತ್ತಿತ್ತೋ ಏನೋ, ಹೆಸರು ಮಾತ್ರ ಪುಡಿಗೆ. ನನ್ನ ಕೆಂಪು ಪುಡಿಯೂ ಮೊದಲ ತಿಂಗಳು ಭೇಷಾಗಿ ಕೆಲಸ ಮಾಡಿತ್ತು.

ಈಗ ಬಾಯಿಗೆ ಹಾಕುವುದು. ಜೀರಿಗೆ ನೀರು, ಮೆಂತ್ಯ ಅಡಿಗೆಮನೆಯವು, ಕುಡಿಯುವವರು ಕುಡಿಯಲಿ. ಡಿಗ್ರಿ ಓದಿ ನೋಂದಾಯಿಸಿಕೊಂಡ ಆಯುರ್ವೇದ ವೈದ್ಯರ ಮೇಲೂ ನಮಗೆ ಜಗಳವಿಲ್ಲ. ಆದರೆ ‘ಗಿಡಮೂಲಿಕೆ ತಾನೇ, ಸೈಡ್ ಎಫೆಕ್ಟ್ ಇಲ್ಲ’ ಎನ್ನುವ ಮಾತು ಬಿಡಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೋಸ್ಟನ್ ಸುತ್ತಮುತ್ತ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2011-12ರಲ್ಲಿ ನ್ಯೂಯಾರ್ಕಿನಲ್ಲಿ, ಭಾರತದಲ್ಲಿ ತಯಾರಾದ ಆಯುರ್ವೇದ ಔಷಧಿ ತೆಗೆದುಕೊಂಡ ಆರು ಮಂದಿ ಗರ್ಭಿಣಿಯರ ರಕ್ತದಲ್ಲಿ ಸೀಸದ ವಿಷ ಕಂಡುಬಂತು. ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಎಷ್ಟೋ ಮಂದಿ ಮಗುವಿಗಾಗಿ ಕಾಯುತ್ತಿರುವವರು. ಸೀಸ ತಾಯಿಯಿಂದ ಹೊಟ್ಟೆಯೊಳಗಿನ ಕೂಸಿಗೆ ಹೋಗುತ್ತದೆ. ಕೋವಿಡ್ ಕಾಲದಲ್ಲಿ ಮನೆಮನೆಯಲ್ಲೂ ಕುಡಿದ ಅಮೃತಬಳ್ಳಿಯಿಂದ ಆರು ಮಂದಿಗೆ ಲಿವರ್ ಕೆಟ್ಟಿತೆಂದು ಮುಂಬೈ ವೈದ್ಯರು ವರದಿ ಮಾಡಿದರು, ಆಯುಷ್ ಸಚಿವಾಲಯ ಒಪ್ಪಲಿಲ್ಲ. ಜಗಳ ಅವರಿಗಿರಲಿ, ಲಿವರ್ ನಮ್ಮದು.

ಲೇಬಲ್ ಇಲ್ಲದ್ದನ್ನು, ತಯಾರಕರ ಹೆಸರು, ಲೈಸೆನ್ಸ್ ನಂಬರು, ಬ್ಯಾಚ್ ನಂಬರು ಇಲ್ಲದ್ದನ್ನು ಬಾಯಿಗೆ ಹಾಕಬೇಡಿ. ಭಸ್ಮ, ರಸ, ಸಿಂಧೂರ ಎಂಬ ಹೆಸರಿದ್ದರೆ ಒಳಗೆ ಯಾವ ಲೋಹ ಎಂದು ಬಾಯಿಬಿಟ್ಟು ಕೇಳಿ. ಕಣ್ಣು ಹಳದಿಯಾದರೆ, ಮೂತ್ರ ಗಾಢವಾದರೆ ಅವತ್ತೇ ನಿಲ್ಲಿಸಿ ರಕ್ತ ಪರೀಕ್ಷೆ ಮಾಡಿಸಿ. ಇದು ಇಂಗ್ಲಿಷ್ ಔಷಧಿಗೂ ಸಲ್ಲುವ ಮಾತು. ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ಕೊಂಡು ನಾವು ನುಂಗುವ ಮೆಫೆನಮಿಕ್ ಆಮ್ಲದ ಮಾತ್ರೆಯಿಂದ ಅಪರೂಪಕ್ಕೆ ತೀವ್ರ ಅಲರ್ಜಿ ಆಗಬಹುದೆಂದು 2023ರ ನವೆಂಬರಿನಲ್ಲಿ ಇಂಡಿಯನ್ ಫಾರ್ಮಕೋಪಿಯಾ ಆಯೋಗವೇ ಎಚ್ಚರಿಸಿದೆ. ಮಾತ್ರೆ ತಿಂದ ಮೇಲೆ ಮೈಮೇಲೆ ದದ್ದು, ಜ್ವರ ಬಂದರೆ ತಡ ಮಾಡಬೇಡಿ.

ಪಥ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೋಧಿಯಲ್ಲಿರುವ ಗ್ಲುಟೆನ್ ಬಿಟ್ಟರೆ ನೋವು ಹೋಗುತ್ತದೆಂದು ಈಗ ದುಬಾರಿ ಹಿಟ್ಟಿನ ಪ್ಯಾಕೆಟ್ ಮಾರುತ್ತಾರೆ. ಅದಕ್ಕೆ ಗಟ್ಟಿ ಪುರಾವೆಯಿಲ್ಲ. ನೋಡಲೇಬೇಕೆಂದರೆ ಚಪಾತಿ ಬಿಟ್ಟು ಮುದ್ದೆ, ರೊಟ್ಟಿ ಉಣ್ಣಿ. ರಾಗಿಯಲ್ಲೂ ಜೋಳದಲ್ಲೂ ಗ್ಲುಟೆನ್ ಇಲ್ಲ, ಪ್ಯಾಕೆಟ್ಟೂ ಬೇಡ.

ಇನ್ನು ಗೋಡೆಯ ಬರಹಕ್ಕೆ ಬರುತ್ತೇನೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪ್ರಕಾರ, ಹೆಂಗಸರ ಮುಟ್ಟಿನ ದೋಷ ಸರಿಮಾಡುವ ಔಷಧಿ ಎಂದು ಜಾಹೀರಾತು ಕೊಡುವುದೇ ಅಪರಾಧ. ತಾಯಿತ, ಮಂತ್ರ, ಕವಚಗಳಿಗೂ ಇದೇ ಕಾನೂನು. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಆಗಬಹುದು. ಎಪ್ಪತ್ತು ವರ್ಷದ ಈ ಕಾಯಿದೆಯನ್ನು ನಮ್ಮ ಗೋಡೆಗಳು ಓದಿದಂತಿಲ್ಲ. ಕಂಡಾಗ ಫೋಟೋ ತೆಗೆದು ಔಷಧ ನಿಯಂತ್ರಣ ಇಲಾಖೆಗೆ ದೂರು ಕೊಡಿ.

ಅಡ್ಡದಾರಿ ಎಂದರೆ ಪುಡಿ ಪೊಟ್ಟಣ ಒಂದೇ ಅಲ್ಲ. ‘ಮಕ್ಕಳಾಯ್ತಲ್ಲ, ಗರ್ಭಕೋಶ ತೆಗೆಸಿಬಿಡಿ’ ಎನ್ನುವುದೂ ಅದೇ ಜಾತಿಯದು. ಕಲಬುರಗಿಯ ತಾಂಡಾಗಳಲ್ಲಿ, ಮಹಾರಾಷ್ಟ್ರದ ಬೀಡ್‌ನ ಕಬ್ಬು ಕಡಿಯುವವರಲ್ಲಿ ಹೀಗೆ ಗರ್ಭಕೋಶ ಕಳೆದುಕೊಂಡವರ ಸುದ್ದಿ ನಾವೆಲ್ಲ ಓದಿದ್ದೇವೆ. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿ ಜಾರಿ ಮಾಡಿ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಗರ್ಭಕೋಶದ ಹೊರಗೆ ಕೂತ ಕಾಯಿಲೆ, ಗರ್ಭಕೋಶ ತೆಗೆದ ಮಾತ್ರಕ್ಕೆ ಹೋಗುತ್ತದೆಂಬ ಭರವಸೆ ಇಲ್ಲ. ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಕೇಳದೆ ಸಹಿ ಹಾಕಬೇಡಿ.

ಏನೇ ಮಾಡಿ, ಮೊದಲು ಸ್ತ್ರೀರೋಗ ತಜ್ಞರಿಗೆ ತೋರಿಸಿ ನೋವಿಗೊಂದು ಹೆಸರು ಪಡೆಯಿರಿ. ಕಾಯಿಲೆ ಇದೆಯೆಂದು ಹೇಳಲು ಹೊಟ್ಟೆಗೆ ತೂತು ಮಾಡಿ ನೋಡಲೇಬೇಕೆಂದಿಲ್ಲ, 2022ರ ಯುರೋಪಿನ ತಜ್ಞರ ಮಾರ್ಗಸೂಚಿ ಆ ಕಡ್ಡಾಯವನ್ನು ಕೈಬಿಟ್ಟಿದೆ. ಬರೆದುಕೊಟ್ಟ ಮಾತ್ರೆಯನ್ನು ಪಕ್ಕದ ಮನೆಯ ಮಾತು ಕೇಳಿ ನಿಲ್ಲಿಸಬೇಡಿ. ಬೇರೆ ಏನು ತೆಗೆದುಕೊಳ್ಳುತ್ತಿದ್ದೀರೋ ಅದರ ಡಬ್ಬಿ ಸಮೇತ ಡಾಕ್ಟರ ಮೇಜಿನ ಮೇಲಿಡಿ, ಬೈದರೆ ಬೈಸಿಕೊಳ್ಳಿ. ಡಾಕ್ಟರುಗಳಿಗೂ ಒಂದು ಮಾತು: ಬೈಯಬೇಡಿ, ಬೈದರೆ ಮುಂದಿನ ಸಲ ಡಬ್ಬಿ ಮನೆಯಲ್ಲೇ ಉಳಿಯುತ್ತದೆ. ತಲೆ ಸುತ್ತಿ ಬೀಳುವಷ್ಟು ದಿಢೀರ್ ನೋವು, ವಾಂತಿ, ಜ್ವರ ಬಂದರೆ ಕಷಾಯ ಕಾಯಿಸುತ್ತ ಕೂರಬೇಡಿ. ಗಂಟು ತಿರುಚಿಕೊಂಡಿರಬಹುದು, ಒಡೆದಿರಬಹುದು, ಆಸ್ಪತ್ರೆಗೆ ಓಡಿ.

2025ರ ಅಕ್ಟೋಬರಿನಲ್ಲಿ ನಮ್ಮ ರಾಜ್ಯದ ಸಚಿವ ಸಂಪುಟ ತಿಂಗಳಿಗೊಂದು ದಿನ ಸಂಬಳ ಸಹಿತ ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಕಳೆ ಕೀಳಲು ಹೋಗುವವಳಿಗೆ ಅದನ್ನು ಕೊಡುವವರು ಯಾರು ಎಂದು ನಾವು ಕೇಳುತ್ತಲೇ ಇರುತ್ತೇವೆ.

ಈ ಹಾಳೆಯ ಹಿಂಬದಿಯನ್ನು ಬೇಕೆಂದೇ ಖಾಲಿ ಬಿಟ್ಟಿದ್ದೇವೆ. ದಿನಕ್ಕೊಂದು ಗೆರೆ ಬರೆಯಿರಿ: ತಾರೀಖು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು, ನುಂಗಿದ ಮಾತ್ರೆ ಎಷ್ಟು, ಮಾಡಿದ ಚಿಕಿತ್ಸೆ ಯಾವುದು, ಖರ್ಚು ಎಷ್ಟು. ಒಂದು ಸಲಕ್ಕೆ ಒಂದೇ ಚಿಕಿತ್ಸೆ, ಮೂರು ಮುಟ್ಟು ಕಳೆಯುವವರೆಗೆ. ಅಂಕಿ ಇಳಿದಿದ್ದರೆ ಮುಂದುವರಿಸಿ, ಇಳಿಯದಿದ್ದರೆ ಹೇಳಿದವರು ಅತ್ತೆಯಾದರೂ ಸರಿ, ಬಿಟ್ಟುಬಿಡಿ. ಜಾಗ ತುಂಬಿದರೆ ಶಾಲೆಗೆ ಹೋಗುವ ಮಕ್ಕಳ ಹಳೇ ನೋಟ್‌ಬುಕ್ ಸಾಕು.